ದ್ವೀಪಕ್ಕೆ ಸರದಿ ಬೇಕು, ಸುಂಕವಲ್ಲ

ಡಿಸೆಂಬರ್ ತಿಂಗಳು ಬಂತೆಂದರೆ ಘಟ್ಟದ ರಸ್ತೆಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು ಆರಂಭವಾಗುತ್ತದೆ. ಬಸ್ಸಿನ ಮುಂಭಾಗಕ್ಕೆ ಕಟ್ಟಿದ ಬಟ್ಟೆಯ ಫಲಕದಲ್ಲಿ 'ಶೈಕ್ಷಣಿಕ ಪ್ರವಾಸ' ಎಂಬ ದಪ್ಪ ಅಕ್ಷರಗಳು. ಅದರ ಕೆಳಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ದೂರದೂರುಗಳ ಹೆಸರು. ಕಿಟಕಿಗಳಿಂದ ಹೊರಚಾಚಿದ ಕೈಗಳು, ಒಳಗಿನಿಂದ ಹೊಮ್ಮುವ ಹಾಡು, ತಿರುವಿನಲ್ಲಿ ಬಸ್ಸು ನಿಂತಾಗ ವಾಂತಿ ಮಾಡಿಕೊಳ್ಳಲು ಇಳಿಯುವ ಎಳೆಯರು. ಜೋಗ, ಕೊಲ್ಲೂರು, ಮುರ್ಡೇಶ್ವರ, ಉಡುಪಿಗಳನ್ನು ಮುಗಿಸಿ ಈ ಬಸ್ಸುಗಳಲ್ಲಿ ಅನೇಕವು ಮಲ್ಪೆಯನ್ನು ತಲುಪುತ್ತವೆ. ಅಲ್ಲಿಂದ ದೋಣಿಯೇರಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಒಂದೆರಡು ಗಂಟೆ ಕಳೆದು, ಸಂಜೆಯೊಳಗೆ ಮರಳಿ ಮುಂದಿನ ಊರಿನ ದಾರಿ ಹಿಡಿಯುತ್ತವೆ.

ಈ ಬಸ್ಸುಗಳ ಬಗ್ಗೆ ಘಟ್ಟದ ಹಳ್ಳಿಗಳಲ್ಲಿ ಕೇಳಿಬರುವ ಮಾತು ಹಿತವಾದುದಲ್ಲ. ರಸ್ತೆಯಂಚಿನ ತೊರೆಯಲ್ಲಿ ಊಟದ ತಟ್ಟೆ ಎಸೆದು ಹೋದರು, ಝರಿಯ ಬಾಯಲ್ಲಿ ಪ್ಲಾಸ್ಟಿಕ್ ತುಂಬಿದರು, ಬಯಲುಸೀಮೆಯವರಿಗೆ ಕಾಡಿನ ಬೆಲೆ ತಿಳಿಯದು ಎಂಬುದು ಆ ಮಾತಿನ ಸಾರ. ಕರಾವಳಿಯ ಕಡೆಯೂ ಇಂಥದೇ ದೂರಿದೆ. ದೂರಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದರ ಬೆನ್ನಿಗೇ ಬರುತ್ತಿರುವ ಪರಿಹಾರದ ಸಲಹೆ ಮಾತ್ರ ಗಂಭೀರವಾಗಿ ಪರಿಶೀಲಿಸಬೇಕಾದದ್ದು. ಶುಲ್ಕ ಏರಿಸಿದರೆ ಜನ ತಾನಾಗಿಯೇ ಕಡಿಮೆಯಾಗುತ್ತಾರೆ, ಬರುವ ಕೆಲವರು 'ಗುಣಮಟ್ಟದ ಪ್ರವಾಸಿ'ಗಳಾಗಿರುತ್ತಾರೆ ಎಂಬ ವಾದ ಪರಿಸರದ ಹೆಸರಿನಲ್ಲಿ ಹರಡುತ್ತಿದೆ. ಪರಿಸರ ಚಳವಳಿ ಈ ವಾದಕ್ಕೆ ತಲೆದೂಗಿದರೆ ಅದು ತನ್ನ ನೆಲೆಯನ್ನೇ ಕಳೆದುಕೊಳ್ಳುತ್ತದೆ.

ನಾಲ್ಕು ತಾಲ್ಲೂಕುಗಳ ನೆಲ

ಬರುವವರು ಯಾರು ಎಂಬುದನ್ನು ಮೊದಲು ನೋಡಬೇಕು. ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಇದಕ್ಕಿಂತ ಎಷ್ಟೋ ಹೆಚ್ಚು ಸುರಿಯುತ್ತದೆ. ಉತ್ತರದಲ್ಲಿ ಇಂಡಿ, ಸಿಂದಗಿಗಳ ಅಂಚಿಗೆ ಭೀಮಾ ನದಿ; ದಕ್ಷಿಣದಲ್ಲಿ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿಗೆ ಕೃಷ್ಣಾ; ನಡುವೆ ಉಪ್ಪಿನಂಶದ ನೀರಿನ ಡೋಣಿ. ಉಳಿದಂತೆ ಕಣ್ಣು ಹಾಯುವವರೆಗೂ ಎರೆಹೊಲ. ಇಂಡಿಯ ಲಿಂಬೆ, ಸಿಂದಗಿಯ ತೊಗರಿ, ಡೋಣಿ ಸಾಲಿನ ಬಿಳಿಜೋಳ ಈ ನೆಲದ ಕೊಡುಗೆಗಳು. ಮಳೆ ಕೈಕೊಟ್ಟ ವರ್ಷ ಇದೇ ಹಳ್ಳಿಗಳಿಂದ, ತಾಂಡಾಗಳಿಂದ ಕುಟುಂಬಗಳು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಗೋವಾಕ್ಕೆ, ಮಂಗಳೂರು–ಉಡುಪಿಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ.

ಇಂಥ ನೆಲದ ವಿದ್ಯಾರ್ಥಿಗೆ ಸಮುದ್ರವೆಂದರೆ ಭೂಗೋಳ ಪುಸ್ತಕದ ನೀಲಿ ಬಣ್ಣ. ಪ್ರವಾಸದ ಹಣಕ್ಕಾಗಿ ಮನೆಯಲ್ಲಿ ವಾರಗಟ್ಟಲೆ ಮಾತುಕತೆ ನಡೆಯುತ್ತದೆ. ಕೆಲವರ ಹೆಸರು ಕೊನೆಯ ದಿನ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಹೊರಟವರಲ್ಲಿ ಅನೇಕರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮದುವೆಗೆ ಮುನ್ನ ಊರ ಹೊರಗೆ ಕಳೆಯುವ ಮೊದಲ ನಾಲ್ಕು ದಿನಗಳು ಇವೇ ಆಗಿರುತ್ತವೆ. ದಡದಲ್ಲಿ ನಿಂತು, ನೀರಿನ ಆಚೆ ದಂಡೆ ಕಾಣಿಸದೆಂಬುದನ್ನು ಮೊದಲ ಬಾರಿಗೆ ಕಣ್ಣಾರೆ ಅರಿಯುವ ಆ ಗಳಿಗೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಮಳೆಯ ಸದ್ದಿನಲ್ಲೇ ಹುಟ್ಟಿ ಬೆಳೆದ ಮಲೆನಾಡಿಗರಿಗಂತೂ ಆ ಹಕ್ಕು ಇಲ್ಲವೇ ಇಲ್ಲ.

ಶಿಲೆಗಳ ನಂಟು

ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುವ ಸೇಂಟ್ ಮೇರೀಸ್ ವಾಸ್ತವವಾಗಿ ಒಂದು ದ್ವೀಪವಲ್ಲ, ಮಲ್ಪೆಯ ಎದುರಿನ ಕಿರುದ್ವೀಪಗಳ ಗುಂಪು. ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪ ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲದ ಸಣ್ಣ ತುಣುಕು. ಮನೆಗಳಿಲ್ಲ, ರಾತ್ರಿ ತಂಗುವಂತಿಲ್ಲ. ದಂಡೆಯಲ್ಲಿ ಮರಳಿಗಿಂತ ಚಿಪ್ಪಿನ ಚೂರುಗಳೇ ಹೆಚ್ಚು. ಅವುಗಳ ನಡುವಿನಿಂದ ಎದ್ದು ನಿಂತಿವೆ, ಯಾರೋ ಅಳತೆಯಿಟ್ಟು ಕಡೆದಂತೆ ತೋರುವ ಐದು, ಆರು ಮುಖಗಳ ಕಲ್ಲುಕಂಬಗಳು. ಕುದಿವ ಲಾವಾ ಹೊರಬಂದು ತಣಿಯುವಾಗ ಕುಗ್ಗಿತು. ಕೆರೆಯ ಕೆಸರು ಒಣಗಿ ಬಿರಿಯುವ ಹಾಗೆ ಬಿರಿಯಿತು. ಬಿರುಕು ಮೇಲಿನಿಂದ ಕೆಳಗಿಳಿದು ಕಂಬಗಳಾದವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಅಗ್ನಿಶಿಲೆ ಇದೆಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಈ ಸಂಗತಿಯನ್ನು ಇಂಡಿಯ ವಿದ್ಯಾರ್ಥಿಗೆ ಯಾರಾದರೂ ಅಲ್ಲೇ ನಿಂತು ಹೇಳಿದರೆ ಆತ ಬೆರಗಾಗುವುದು ಖಂಡಿತ. ಏಕೆಂದರೆ ಆತನ ಊರಿನ ಎರೆಮಣ್ಣೂ ಲಾವಾದ ಮಗುವೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ದಖನ್ನಿನ ಕಪ್ಪುಶಿಲೆ ಸವೆದು ಇಂಡಿ, ಸಿಂದಗಿ, ಬಾಗೇವಾಡಿಗಳ ಕರಿನೆಲವಾಯಿತು. ತಾಳಿಕೋಟೆಯ ಕಡೆಗೆ ಸರಿದರೆ ಅದಕ್ಕೂ ಬಹಳ ಹಳೆಯದಾದ ಸುಣ್ಣಕಲ್ಲು, ಎಂದೋ ಇದ್ದ ಕಡಲೊಂದರ ತಳ, ಸಿಗುತ್ತದೆ. ಬಿಳಿಜೋಳ ಬೆಳೆಯುವ ಹೊಲಕ್ಕೂ ಅಲೆ ಬಡಿಯುವ ಈ ಕಂಬಗಳಿಗೂ ಇರುವ ನಂಟನ್ನು ತಿಳಿದು ಮರಳುವುದೇ ನಿಜವಾದ ಶೈಕ್ಷಣಿಕ ಪ್ರವಾಸ. ಆದರೆ ನಾಲ್ಕು ದಿನಕ್ಕೆ ಹದಿನಾಲ್ಕು ಸ್ಥಳಗಳನ್ನು ತುರುಕಿದ ಪಟ್ಟಿಯಲ್ಲಿ ಈ ಮಾತಿಗೆ ಬಿಡುವೆಲ್ಲಿ? ದೋಣಿಯಿಂದಿಳಿದ ಕ್ಷಣದಿಂದಲೇ ಮೇಷ್ಟರು ಸೀಟಿ ಊದುತ್ತಾ ತಲೆಯೆಣಿಕೆಗೆ ತೊಡಗಬೇಕಾಗುತ್ತದೆ.

ಒಂದು ದಿನದ ಭಾರ

ಒಬ್ಬ ವಿದ್ಯಾರ್ಥಿ ಒಂದು ಹಿಡಿ ಚಿಪ್ಪು ಕಿಸೆಗೆ ಹಾಕಿಕೊಂಡರೆ ದ್ವೀಪಕ್ಕೇನೂ ಆಗದು. ಒಬ್ಬಳು ಕಂಬವೊಂದರ ತುದಿಯೇರಿ ಚಿತ್ರ ತೆಗೆಸಿಕೊಂಡರೆ ಕಲ್ಲು ಕಳಚಿ ಬೀಳದು. ಆದರೆ ಒಂದೇ ಬೆಳಗಿನಲ್ಲಿ ಹತ್ತಾರು ಬಸ್ಸುಗಳ ಜನ 500 ಮೀಟರ್ ಉದ್ದದ ನೆಲದ ಮೇಲೆ ಇಳಿದರೆ ಲೆಕ್ಕ ಬೇರೆಯಾಗುತ್ತದೆ. ಚಿಪ್ಪಿನ ದಂಡೆ ತೆಳುವಾಗುತ್ತದೆ, ಬಂಡೆಯ ಸಂದುಗಳ ಏಡಿ, ಸಿಂಪಿಗಳ ನೆಲೆ ತುಳಿತಕ್ಕೆ ಸಿಗುತ್ತದೆ, ನೀರಿನ ಬಾಟಲಿಗಳು ಕಲ್ಲುಗಳ ನಡುವೆ ಸಿಕ್ಕಿಬೀಳುತ್ತವೆ. ದ್ವೀಪದ ಮೌನವಂತೂ ಮೊದಲ ದೋಣಿಯಲ್ಲೇ ಮುಗಿದುಹೋಗುತ್ತದೆ. ಬಂದವರಲ್ಲಿ ಯಾರಿಗೂ ಅದು ಸಿಗುವುದಿಲ್ಲ.

ಇನ್ನೂ ದೊಡ್ಡ ನಷ್ಟವನ್ನು ಮರೆಯುವಂತಿಲ್ಲ. 2022ರ ಏಪ್ರಿಲ್‌ನಲ್ಲಿ ಇದೇ ದ್ವೀಪಕ್ಕೆ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಮೂವರು ಕಡಲಿನ ಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ತೀರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಕೆರೆ, ಬಾವಿಯ ನೀರನ್ನಷ್ಟೇ ಬಲ್ಲ ಮಕ್ಕಳಿಗೆ ಹಿಂದೆಗೆಯುವ ಅಲೆಯ ಸೆಳೆತ ತಿಳಿದಿರುವುದಿಲ್ಲ. ಅದನ್ನು ತಿಳಿಸುವಷ್ಟು ಪುರಸೊತ್ತು ಪ್ರವಾಸದ ಪಟ್ಟಿಯಲ್ಲಿ ಇರುವುದಿಲ್ಲ. ದ್ವೀಪವನ್ನು ಸವೆಸುವ ಅವಸರವೇ ಮಕ್ಕಳನ್ನೂ ನೀರಿಗೆ ದೂಡುತ್ತದೆ. ಪರಿಸರದ ಹಾನಿ ಬೇರೆ, ಜೀವಹಾನಿ ಬೇರೆ ಎಂದು ಇವನ್ನು ಎರಡು ಕಡತಗಳಲ್ಲಿ ಇಡುವುದು ತಪ್ಪು. ಎರಡರ ಮೂಲವೂ ಜನಸಂದಣಿ ಮತ್ತು ಸಮಯದ ಅಭಾವ.

ಸುಂಕದ ದಾರಿ ಎಲ್ಲಿಗೆ?

ಹಾಗಾದರೆ ಬರುವವರ ಸಂಖ್ಯೆಗೆ ಮಿತಿ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಆ ಮಿತಿಯನ್ನು ಯಾವುದರಿಂದ ಅಳೆಯಬೇಕು ಎಂಬುದರಲ್ಲಿ. ಹಣದಿಂದ ಅಳೆಯುವುದು ಆಡಳಿತಕ್ಕೆ ಸುಲಭ. ದೋಣಿಯ ದರ ಮೂರು ಪಟ್ಟು ಮಾಡಿದರೆ ಮೊದಲು ಮಾಯವಾಗುವುದು ಸಿಂದಗಿಯ ಸರ್ಕಾರಿ ಶಾಲೆಯ ಬಸ್ಸು. ಕೊನೆಗೆ ಉಳಿಯುವುದು ವಾರಾಂತ್ಯಕ್ಕೆ ಸ್ವಂತ ಕಾರಿನಲ್ಲಿ ಬರುವ ಕುಟುಂಬ. ಹಣವುಳ್ಳವರು ಕಡಿಮೆ ಕಸ ಎಸೆಯುತ್ತಾರೆಂಬುದಕ್ಕೆ ಮಲೆನಾಡಿನ ರೆಸಾರ್ಟುಗಳ ಹಿಂದಿನ ಹಳ್ಳಗಳು ಸಾಕ್ಷಿ ಹೇಳುವುದಿಲ್ಲ. ಬಡವನ ಕಸ ರಸ್ತೆಯಂಚಿನಲ್ಲಿ ಕಾಣುತ್ತದೆ; ಉಳ್ಳವನ ಕಸ ಬೇಲಿಯೊಳಗೆ ಕಾಣದೆ ಕೊಳೆಯುತ್ತದೆ. ವ್ಯತ್ಯಾಸ ಅಷ್ಟೇ.

ಇನ್ನೊಂದು ಸಂಗತಿಯೂ ಇದೆ. ಉಡುಪಿ, ಮಂಗಳೂರುಗಳ ಹೋಟೆಲು, ವಸತಿ ಸಂಕೀರ್ಣಗಳ ಗೋಡೆಗಳನ್ನು ಎಬ್ಬಿಸಿದ ಕೈಗಳಲ್ಲಿ ಉತ್ತರ ಕರ್ನಾಟಕದ ಗುಳೆ ಕಾರ್ಮಿಕರ ಕೈಗಳು ಕಡಿಮೆಯಲ್ಲ. ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಇದ್ದರೂ ದ್ವೀಪಕ್ಕೆ ಒಂದು ದಿನ ಹೋಗಿಬರುವುದು ಅವರಲ್ಲಿ ಎಷ್ಟು ಮಂದಿಗೆ ಸಾಧ್ಯವಾಗುತ್ತದೆ? ಒಂದು ದಿನದ ಕೂಲಿ ಬಿಡಬೇಕು, ಮನೆಮಂದಿಗೆಲ್ಲ ದೋಣಿಯ ಹಣ ಕೊಡಬೇಕು. ಸುಂಕ ಏರಿದರೆ ಆ ಬಾಗಿಲೂ ಮುಚ್ಚಿದಂತೆಯೇ. ಯಾರ ಆಸ್ತಿಯೂ ಅಲ್ಲದ ಕಡಲು, ಯಾರೂ ಕಟ್ಟದ ಕಲ್ಲುಕಂಬ, ಹಣವಿದ್ದವರ ಅಂಗಳವಾಗಿಬಿಡುತ್ತದೆ. ಕಾಡನ್ನು, ಗೋಮಾಳವನ್ನು, ಸೊಪ್ಪಿನ ಬೆಟ್ಟವನ್ನು ಊರೊಟ್ಟಿನ ಸ್ವತ್ತೆಂದು ದಶಕಗಳಿಂದ ವಾದಿಸುತ್ತ ಬಂದ ಚಳವಳಿಗೆ ಇದರ ಅಪಾಯ ಬಿಡಿಸಿ ಹೇಳಬೇಕಾಗಿಲ್ಲ.

ಜಪಾನಿನ ಪುಟ್ಟ ದ್ವೀಪದ ಪಾಠ

ಮಿತಿಯನ್ನು ಬೇರೆ ರೀತಿಯಲ್ಲೂ ಅಳೆಯಬಹುದೆಂಬುದಕ್ಕೆ ದೂರದ ಉದಾಹರಣೆಯೊಂದಿದೆ. ಜಪಾನಿನ ರಾಜಧಾನಿ ಟೋಕಿಯೊದಿಂದ ದಕ್ಷಿಣಕ್ಕೆ ಸುಮಾರು 1,000 ಕಿಲೋಮೀಟರ್ ದೂರದಲ್ಲಿ ಒಗಸಾವಾರ ದ್ವೀಪಸಮೂಹವಿದೆ. ಹಡಗಿನಲ್ಲಿ ಹೋದರೆ ಒಂದು ಹಗಲು, ಒಂದು ರಾತ್ರಿಯ ಪಯಣ. 2011ರಲ್ಲಿ ವಿಶ್ವ ನೈಸರ್ಗಿಕ ಪರಂಪರೆಯ ಪಟ್ಟಿಗೆ ಸೇರಿದ ಈ ಸಮೂಹದಲ್ಲಿ ಮಿನಾಮಿಜಿಮಾ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪವೊಂದಿದೆ. ಸುಣ್ಣಕಲ್ಲಿನ ಕಮಾನಿನಡಿಯಿಂದ ಕಡಲು ಒಳನುಗ್ಗಿ ನಿಂತ ಕೊಳ, ಅದರ ದಂಡೆಯ ಬಿಳಿ ಮರಳು, ಆ ಮರಳಿನ ಮೇಲೆ ಎಂದೋ ಅಳಿದುಹೋದ ಬಸವನಹುಳುವಿನ ಒಣ ಚಿಪ್ಪುಗಳು. ನೋಡಲು ಬರುವವರು ಹೆಚ್ಚಿದಂತೆಲ್ಲ ಹುಲ್ಲು ಸವೆದು, ಕೆಂಪುಮಣ್ಣು ಕೊಚ್ಚಿಹೋಗತೊಡಗಿತು.

ಆಗ ಟೋಕಿಯೊ ಆಡಳಿತವೂ ಒಗಸಾವಾರ ಗ್ರಾಮಾಡಳಿತವೂ ಸೇರಿ ನಿಯಮ ರೂಪಿಸಿದವು. 2003ರಿಂದ ಅದು ಜಾರಿಯಲ್ಲಿದೆ. ದಿನವೊಂದಕ್ಕೆ 100 ಜನ ಮಾತ್ರ. ತರಬೇತಾದ ಮಾರ್ಗದರ್ಶಕರಿಲ್ಲದೆ ಇಳಿಯುವಂತಿಲ್ಲ. ಒಬ್ಬ ಮಾರ್ಗದರ್ಶಕನ ಜೊತೆ 15 ಜನರಿಗಿಂತ ಹೆಚ್ಚು ಇರುವಂತಿಲ್ಲ. ತಂಗುವ ಅವಧಿ ಎರಡು ಗಂಟೆ. ಹೊರಗಿನ ಬೀಜ, ಮಣ್ಣು ಒಳಬರದಂತೆ ಇಳಿಯುವ ಮುನ್ನ ಪಾದರಕ್ಷೆಯ ಅಟ್ಟೆ ತೊಳೆದುಕೊಳ್ಳಬೇಕು. ಗುರುತಿಸಿದ ದಾರಿ ಬಿಟ್ಟು ನಡೆಯಬಾರದು, ಏನನ್ನೂ ಎತ್ತಿಕೊಳ್ಳಬಾರದು. ಚಳಿಗಾಲದಲ್ಲಿ ಸುಮಾರು ಮೂರು ತಿಂಗಳು ದ್ವೀಪಕ್ಕೆ ಪೂರ್ಣ ವಿಶ್ರಾಂತಿ.

ಈ ನಿಯಮದ ಬೆನ್ನೆಲುಬು ಬೆಲೆಯಲ್ಲ, ಸಂಖ್ಯೆ ಮತ್ತು ಗಡಿಯಾರ. ಒಗಸಾವಾರ ತಲುಪುವ ಹಡಗಿನ ಖರ್ಚೇ ಅನೇಕರನ್ನು ದೂರವಿಡುತ್ತದೆಂಬುದು ನಿಜ. ಆದ್ದರಿಂದ ಅಲ್ಲಿನ ಕ್ರಮವನ್ನು ಇದ್ದಂತೆಯೇ ತಂದು ಮಲ್ಪೆಗೆ ಅಂಟಿಸಲಾಗದು. ನೂರು ಜನರ ಮಿತಿ ಮಲ್ಪೆಗೆ ಹೊಂದದಿರಬಹುದು. ಆದರೆ ದ್ವೀಪದ ಶಕ್ತಿಯನ್ನು ಮೊದಲು ಅಳೆದು, ಆಮೇಲೆ ಮನುಷ್ಯರನ್ನು ಎಣಿಸುವ ಆ ಕ್ರಮ ಎಲ್ಲ ಕಡೆಗೂ ಹೊಂದುವಂಥದು.

ಕಾಲುವೆ ಕಲಿಸಿದ ಸರದಿ

ಸರದಿಯ ಧರ್ಮವನ್ನು ಕಲಿಯಲು ಬಯಲುಸೀಮೆಯವರು ಜಪಾನಿಗೆ ಹೋಗಬೇಕಾಗಿಲ್ಲ. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಕಾಲುವೆಗಳಲ್ಲಿ ನೀರು ಹರಿಯುವುದು ವಾರಾಬಂದಿ ಪದ್ಧತಿಯಲ್ಲಿ. ಇಷ್ಟು ದಿನ ಚಾಲು, ಇಷ್ಟು ದಿನ ಬಂದ್ ಎಂದು ಸಲಹಾ ಸಮಿತಿ ನಿರ್ಧರಿಸುತ್ತದೆ. ರೈತ ತನ್ನ ಪಾಳಿ ಕಾಯುತ್ತಾನೆ. ಜಲಾಶಯದಲ್ಲಿರುವ ನೀರಿಗೆ ತಕ್ಕಂತೆ ಪಾಳಿ ಏರ್ಪಡುತ್ತದೆಯೇ ಹೊರತು ರೈತನ ಕಿಸೆಯಲ್ಲಿರುವ ಹಣಕ್ಕೆ ತಕ್ಕಂತೆ ಅಲ್ಲ. ಕಡಲತೀರದ ಮೀನುಗಾರರೂ ಇಂಥದೇ ಶಿಸ್ತನ್ನು ಬಲ್ಲವರು: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ದ್ವೀಪಕ್ಕೆ ಪ್ರವಾಸಿ ದೋಣಿಗಳೂ ನಿಲ್ಲುತ್ತವೆ. ಅದು ಅಲೆಗಳು ವಿಧಿಸಿದ ವಿರಾಮ. ಉಳಿದ ತಿಂಗಳುಗಳ ಮಿತಿಯನ್ನು ಮನುಷ್ಯರೇ ವಿಧಿಸಿಕೊಳ್ಳಬೇಕಾಗಿದೆ.

ಮಲೆನಾಡಿನಲ್ಲಿ ಈ ದಿಕ್ಕಿನ ಪ್ರಯೋಗಗಳು ಆರಂಭವಾಗಿವೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಚಾರಣಿಗರ ಜಾತ್ರೆಯೇ ನೆರೆದಾಗ ಸರ್ಕಾರ ಎಚ್ಚೆತ್ತಿತು. ಅದೇ ವರ್ಷ ಚಾರಣಪಥಗಳಿಗೆ ಆನ್‌ಲೈನ್ ಮುಂಗಡ ನೋಂದಣಿಯನ್ನೂ ದಿನದ ಮಿತಿಯನ್ನೂ ತಂದಿತು. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಸಾಲಿಗೂ ದಿನದ ವಾಹನಗಳಿಗೆ ಮಿತಿ, ಬೆಳಿಗ್ಗೆ ಮತ್ತು ಮಧ್ಯಾಹ್ನದ ಎರಡು ಪಾಳಿಗಳು ಬಂದವು. ಇವು ಸ್ವಾಗತಾರ್ಹ ಹೆಜ್ಜೆಗಳು. ಆದರೆ ಇವುಗಳಲ್ಲೂ ಒಂದು ಬಿರುಕಿದೆ. ನೋಂದಣಿಯ ಕಿಟಕಿ ತೆರೆದ ಗಳಿಗೆಯಲ್ಲಿ ವೇಗದ ಸಂಪರ್ಕ, ಕೈಯಲ್ಲಿ ಫೋನು, ಖಾತೆಯಲ್ಲಿ ಹಣ ಇದ್ದವರು ಮೊದಲು ಒಳನುಗ್ಗುತ್ತಾರೆ. ಕಾಲುವೆಯ ಮೇಲ್ಭಾಗದ ರೈತ ತೂಬು ತಿರುಗಿಸಿಕೊಂಡರೆ ಕೊನೆ ಭಾಗದ ರೈತನಿಗೆ ಪಾಳಿಯ ದಿನವೂ ಒಣ ಕಾಲುವೆಯೇ ಗತಿ. ಇಂಡಿಯ ಕಡೆಯ ರೈತರು ಈ ನೋವನ್ನು ಚೆನ್ನಾಗಿ ಬಲ್ಲರು. ಆನ್‌ಲೈನ್ ಸರದಿಯಲ್ಲಿ ಸರ್ಕಾರಿ ಶಾಲೆಯೆಂಬುದು ಯಾವಾಗಲೂ ಕಾಲುವೆಯ ಕೊನೆ ಭಾಗ. ಆದ್ದರಿಂದ ಬರಿಯ ಸರದಿ ಸಾಲದು. ಕೊನೆ ಭಾಗಕ್ಕೆ ಮೊದಲೇ ಪಾಲು ಎತ್ತಿಡುವ ಸರದಿ ಬೇಕು.

ಮನೆಯ ಹತ್ತಿರದ ಕಡಲು

ಮಾತು ಮಲ್ಪೆಗೆ ಮಾತ್ರ ಸೀಮಿತವಲ್ಲ. ನಾಲ್ಕು ತಾಲ್ಲೂಕುಗಳ ಜನಕ್ಕೆ ಮನೆಯ ಹತ್ತಿರವೇ ಒಂದು ಕಡಲಿದೆ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ ಆಲಮಟ್ಟಿ ಜಲಾಶಯ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಆ ಊರು ಈಗ ಹೊಸ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ಅದರ 123 ಟಿಎಂಸಿ ನೀರಿನ ಮೂಲ ಬಯಲಿನ ಮೋಡಗಳಲ್ಲ, ಸಹ್ಯಾದ್ರಿಯ ಮಳೆ. ಆ ನೀರಿನಡಿ ಹಳ್ಳಿಗಳು, ಹೊಲಗಳು, ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿವೆ. ಕೆಳಗಿನ ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಏರಿ ಬಂದಾಗ ಬಸವಣ್ಣನವರ ಐಕ್ಯಮಂಟಪವನ್ನು ಉಳಿಸಿಕೊಳ್ಳಲು ಸುತ್ತ ಬಾವಿಯಂತೆ ಗೋಡೆ ಕಟ್ಟಬೇಕಾಯಿತು. ಇಂದು ಭಕ್ತರು ಸುತ್ತಲೂ ನೀರಿರುವಾಗ ಮೆಟ್ಟಿಲಿಳಿದು ಆ ಮಂಟಪಕ್ಕೆ ಹೋಗುತ್ತಾರೆ. ಬಾಗೇವಾಡಿಯಲ್ಲಿ ಹುಟ್ಟಿದ ಶರಣನ ನೆಲೆ ಮನುಷ್ಯರೇ ತುಂಬಿಸಿದ ನೀರಿನ ನಡುವೆ ಒಂದು ದ್ವೀಪವಾಗಿದೆ. ಎದುರು ದಂಡೆಯ ತಂಗಡಗಿ ನೀಲಮ್ಮನ ಊರು. ಅದು ಮುದ್ದೇಬಿಹಾಳ ತಾಲ್ಲೂಕು.

ಚಳಿಗಾಲದಲ್ಲಿ ಆಲಮಟ್ಟಿಯ ಹಿನ್ನೀರಿಗೆ ರಾಜಹಂಸಗಳೂ ಪಟ್ಟೆತಲೆಯ ಹೆಬ್ಬಾತುಗಳೂ ಬರುತ್ತವೆ. ಬೇಸಿಗೆಯಲ್ಲಿ ನೀರು ಇಳಿದಂತೆ ಬೆತ್ತಲೆ ದಿಬ್ಬಗಳು, ನಡುಗಡ್ಡೆಗಳು ತಲೆಯೆತ್ತುತ್ತವೆ. ಇಂಥ ನಡುಗಡ್ಡೆಯ ಬೆಲೆ ಏನೆಂಬುದನ್ನು ಮಲೆನಾಡಿಗರು ಭದ್ರಾ ಹಿನ್ನೀರಿನಲ್ಲಿ ಕಂಡಿದ್ದಾರೆ. ಲಕ್ಕವಳ್ಳಿಯ ಬಳಿ ಪ್ರತಿ ಬೇಸಿಗೆಯೂ ರಿವರ್ ಟರ್ನ್ ಹಕ್ಕಿಗಳು ಬರಿನೆಲದ ಮೇಲೆ, ಗೂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತವೆ. ಮನುಷ್ಯ ಒಂದೈದು ನಿಮಿಷ ಅಲ್ಲಿ ಇಳಿದರೂ ತಾಯಿಹಕ್ಕಿ ಮೇಲೇಳುತ್ತದೆ, ಸುಡುವ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಆಲಮಟ್ಟಿಯ ಉದ್ಯಾನ, ಸಂಗೀತ ಕಾರಂಜಿಗಳ ಬಳಿ ಜನ ಸೇರುವುದರಲ್ಲಿ ತಪ್ಪೇನಿಲ್ಲ. ಅವು ಜನರಿಗಾಗಿಯೇ ನಿರ್ಮಿಸಿದವು. ಆದರೆ ಪ್ರವಾಸೋದ್ಯಮದ ಹುರುಪಿನಲ್ಲಿ ವೇಗದ ದೋಣಿಗಳು ಹಿನ್ನೀರಿನ ಒಳಭಾಗಕ್ಕೆ ನುಗ್ಗುವ ಮುನ್ನವೇ ಯಾವ ದಿಬ್ಬಕ್ಕೆ ಯಾವ ತಿಂಗಳಲ್ಲಿ ಯಾರೂ ಹೋಗಬಾರದೆಂಬ ಗೆರೆ ಎಳೆಯಬೇಕು. ಸರದಿಯ ಪಟ್ಟಿಯಲ್ಲಿ ಹಕ್ಕಿಗೂ ಒಂದು ಪಾಳಿಯಿದೆ.

ಆಗಬೇಕಾದದ್ದು

ಬೇಡಿಕೆಗಳು ದೊಡ್ಡವಲ್ಲ. ಮೊದಲನೆಯದಾಗಿ, ಸೇಂಟ್ ಮೇರೀಸ್ ದ್ವೀಪದಲ್ಲಿ ಏಕಕಾಲಕ್ಕೆ ಎಷ್ಟು ಜನರಿರಬಹುದೆಂಬುದನ್ನು ಭೂವಿಜ್ಞಾನಿಗಳು, ಕಡಲಜೀವಿ ತಜ್ಞರು, ಮೀನುಗಾರರು ಕೂಡಿ ನಿರ್ಧರಿಸಬೇಕು. ಆ ಸಂಖ್ಯೆಯನ್ನು ಮಲ್ಪೆಯ ದಕ್ಕೆಯಲ್ಲಿ ದೊಡ್ಡ ಫಲಕದ ಮೇಲೆ ಬರೆಯಬೇಕು. ಒಂದು ದೋಣಿ ಮರಳಿದ ಮೇಲೆಯೇ ಮತ್ತೊಂದು ಹೊರಡಬೇಕು.

ಎರಡನೆಯದಾಗಿ, ಪ್ರವಾಸದ ತಿಂಗಳುಗಳಲ್ಲಿ ವಾರದ ದಿನಗಳ ಬೆಳಗಿನ ಪಾಳಿಗಳಲ್ಲಿ ಮೂರನೆಯ ಒಂದು ಪಾಲನ್ನು ಸರ್ಕಾರಿ ಶಾಲೆ, ವಸತಿ ನಿಲಯಗಳ ಮಕ್ಕಳಿಗಾಗಿ ಎತ್ತಿಡಬೇಕು. ಅದಕ್ಕೆ ಶಾಲೆಯಿಂದ ಒಂದು ಪತ್ರ ಸಾಕಾಗಬೇಕು, ಫೋನಿನ ಓಟ ಬೇಕಾಗಬಾರದು. ಶುಲ್ಕವಿಲ್ಲದಿದ್ದರೆ ಉತ್ತಮ, ಇದ್ದರೂ ಮಕ್ಕಳ ಕೈಗೆಟುಕುವಷ್ಟೇ ಇರಬೇಕು.

ಮೂರನೆಯದಾಗಿ, ಪ್ರತಿ ತಂಡದ ಜೊತೆ ಕಡಲನ್ನು ಬಲ್ಲ ಒಬ್ಬರು ಸ್ಥಳೀಯ ಮಾರ್ಗದರ್ಶಕರಿರಬೇಕು. ಮಲ್ಪೆಯ ಮೀನುಗಾರ ಕುಟುಂಬಗಳ ಯುವಕ ಯುವತಿಯರಿಗಿಂತ ಈ ಕೆಲಸಕ್ಕೆ ತಕ್ಕವರು ಬೇರಾರು? ಎಲ್ಲಿ ನಿಲ್ಲಬಹುದು, ಎಲ್ಲಿ ನೀರಿಗಿಳಿಯಬಾರದು, ಕಲ್ಲಿಗೆ ಈ ಆಕಾರ ಹೇಗೆ ಬಂತು ಎಂಬ ಮೂರು ಮಾತುಗಳನ್ನು ಅವರು ದೋಣಿಯಲ್ಲೇ ಹೇಳಿ ಮುಗಿಸಬಲ್ಲರು.

ನಾಲ್ಕನೆಯದು ಶಾಲೆಗಳಿಗೆ ಸಂಬಂಧಿಸಿದ್ದು. ಪ್ರವಾಸದ ಪಟ್ಟಿಯಿಂದ ಅರ್ಧದಷ್ಟು ಸ್ಥಳಗಳನ್ನು ಅಳಿಸುವ ಧೈರ್ಯ ಶಿಕ್ಷಕರಿಗೆ ಬರಬೇಕು. ಒಂದು ದಿನಕ್ಕೆ ಒಂದೇ ಸ್ಥಳ. ಹೊರಡುವ ಮುನ್ನ ತಮ್ಮೂರಿನ ಹೊಲದ ಒಂದು ಕರಿಗಲ್ಲನ್ನು ಮಕ್ಕಳ ಕೈಗಿತ್ತು ಅದರ ಕಥೆ ಹೇಳಿದರೆ, ದ್ವೀಪದ ಕಲ್ಲನ್ನು ಅವರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಪೋಷಕರು 'ಎಷ್ಟು ಊರು ತೋರಿಸಿದಿರಿ?' ಎಂದು ಕೇಳುವುದನ್ನು ಬಿಟ್ಟು 'ಏನು ನೋಡಿದೆ?' ಎಂದು ಮಕ್ಕಳನ್ನು ಕೇಳತೊಡಗಿದರೆ ಶಿಕ್ಷಕರ ಕೆಲಸ ಅರ್ಧ ಹಗುರವಾದೀತು.

ಐದನೆಯದು ಮಲೆನಾಡಿನ ಪಾಲಿಗೆ ಬರುವ ಕೆಲಸ. ಘಟ್ಟದ ದಾರಿಯ ಪಂಚಾಯಿತಿಗಳು ಬಸ್ಸು ನಿಲ್ಲಿಸಿ ಊಟ ಮಾಡಲು ನೆರಳಿನ ಜಾಗ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಕಸಕ್ಕೊಂದು ತೊಟ್ಟಿ ಒದಗಿಸಲಿ. ಇವೊಂದೂ ಇಲ್ಲದ ರಸ್ತೆಯಲ್ಲಿ ನಲವತ್ತು ಮಕ್ಕಳ ತಂಡ ತೊರೆಯ ಬದಿಗೆ ಇಳಿಯದೆ ಇನ್ನೆಲ್ಲಿಗೆ ಹೋದೀತು? ಆತಿಥ್ಯ ಕೊಟ್ಟ ಮೇಲೆಯೇ ಶಿಸ್ತು ಕೇಳುವ ಅಧಿಕಾರ ಬರುತ್ತದೆ.

ದೋಣಿ ನಡೆಸುವವರ ಗಳಿಕೆಗೆ ಪೆಟ್ಟು ಬೀಳುವುದಿಲ್ಲವೇ ಎಂಬ ಆಕ್ಷೇಪಕ್ಕೂ ಉತ್ತರಿಸಬೇಕು. ಇಂದು ಅವರ ದುಡಿಮೆ ಶನಿವಾರ, ಭಾನುವಾರ ಹಾಗೂ ರಜೆಗಳ ನೂಕುನುಗ್ಗಲಿನಲ್ಲಿ ಸಿಲುಕಿದೆ. ಉಳಿದ ದಿನ ಕಾಯುವುದೇ ಕೆಲಸ. ಪಾಳಿಯ ವ್ಯವಸ್ಥೆ ಬಂದರೆ ವಾರವಿಡೀ ಹದವಾದ ಸಂಚಾರ ಇರುತ್ತದೆ, ಮಾರ್ಗದರ್ಶನದ ಹೊಸ ಉದ್ಯೋಗವೂ ಸೇರುತ್ತದೆ. ಚಿಪ್ಪು ಮುಗಿದ ದಂಡೆಗೆ, ಮಕ್ಕಳು ಮುಳುಗಿದ ಸುದ್ದಿಯ ದ್ವೀಪಕ್ಕೆ ಜನ ಬಹುಕಾಲ ಬರುವುದಿಲ್ಲವೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಇನ್ನು, ಸರ್ಕಾರಿ ಶಾಲೆಗೆ ಪಾಲು ಎತ್ತಿಟ್ಟರೆ ಆದಾಯ ತಪ್ಪುತ್ತದೆಂಬ ಮಾತು. ಆ ಮಕ್ಕಳ ದೋಣಿಯ ವೆಚ್ಚವನ್ನು ಭರಿಸುವುದು ಪ್ರವಾಸೋದ್ಯಮಕ್ಕೆ ಕೋಟಿಗಳನ್ನು ಎತ್ತಿಡುವ ಸರ್ಕಾರಕ್ಕೆ ಭಾರವಾಗಲಾರದು.

ಕೊನೆಯದಾಗಿ, ಈ ಪ್ರವಾಸ ಒಂದೇ ದಿಕ್ಕಿಗೆ ಸಾಗಬೇಕಾಗಿಲ್ಲ. ಮಲೆನಾಡಿನ ಮಕ್ಕಳೂ ಒಮ್ಮೆ ಆಲಮಟ್ಟಿಯ ದಂಡೆಯಲ್ಲಿ ನಿಲ್ಲಲಿ. ತಮ್ಮ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ ಎಷ್ಟು ದೂರ ಹರಿದು, ಯಾರ ಹೊಲ ನುಂಗಿ, ಯಾರ ಹೊಲಕ್ಕೆ ಜೀವ ಕೊಟ್ಟಿತೆಂಬುದನ್ನು ನೋಡಲಿ. ಕಾಲುವೆಯ ಕೊನೆ ಭಾಗದ ಹಳ್ಳಿಯೊಂದರಲ್ಲಿ ಜೋಳದ ರೊಟ್ಟಿ ಉಂಡು, ಪಾಳಿಯ ನೀರಿಗಾಗಿ ರಾತ್ರಿ ಲಾಟೀನು ಹಿಡಿದು ಕಾಯುವ ರೈತನ ಮಾತು ಕೇಳಲಿ. ಹಾಗೆ ಹೋಗಿಬಂದ ಮಕ್ಕಳು ಮುಂದಿನ ಡಿಸೆಂಬರ್‌ನಲ್ಲಿ ಘಟ್ಟದ ತಿರುವಿನಲ್ಲಿ ಸಿಂದಗಿಯ ಬಸ್ಸು ಕಂಡಾಗ ಮೂಗು ಮುರಿಯುವುದಿಲ್ಲ. ಕೈ ಬೀಸುತ್ತಾರೆ, ನೀರು ಬೇಕೇ ಎಂದು ಕೇಳುತ್ತಾರೆ, ಎಲೆಯನ್ನು ತೊಟ್ಟಿಗೆ ಹಾಕಿ ಎಂದು ಹೇಳುತ್ತಾರೆ. ಹೇಳಿದ ಮಾತನ್ನು ಬಂದವರೂ ಕೇಳುತ್ತಾರೆ. ಸರದಿ ನಿಲ್ಲುವುದು ಅಂಥ ಪರಿಚಯದ ಮೇಲೆ. ಸುಂಕದ ಗೇಟಿನಿಂದ ಅದು ಹುಟ್ಟುವುದಿಲ್ಲ.